ಬೀಗ ಹಾಕಿದ ಮನೆ, ಬರೆಸದ ದೂರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಭದ್ರತೆ ಬಗ್ಗೆಯೇ ಇವೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಠಾಣೆಗಳಲ್ಲಿ, ಅದರಲ್ಲೂ ಅಪರಾಧ ವಿಭಾಗದಲ್ಲೇ ಜಾಸ್ತಿ ಕೆಲಸ ಮಾಡಿ ಎಎಸ್‌ಐ ಆಗಿ ನಿವೃತ್ತಳಾದವಳು ನಾನು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಪ್ರಶ್ನೆ: ಬೆಂಗಳೂರಿನಲ್ಲಿ ನೌಕರಿ ಮುಗಿಸಿ ಮುಂದಿನ ವರ್ಷ ದಾವಣಗೆರೆಗೆ ವಾಪಸ್ ಬರುತ್ತಿದ್ದೇವೆ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಿದ್ದೇವೆ. ಮಗ ಬೇಡ ಅನ್ನುತ್ತಾನೆ. "ಈಗ ಸಣ್ಣ ಊರಲ್ಲೇ ಕ್ರೈಂ ರೇಟ್ ಜಾಸ್ತಿ" ಅಂತ ಅವನ ವಾದ. ನನ್ನ ಹೆಂಡತಿ ಹಗಲು ಹೊತ್ತು ಒಬ್ಬಳೇ ಇರಬೇಕಾಗುತ್ತದೆ. ತಗೊಳ್ಳಬಹುದಾ?
– ಬ್ಯಾಂಕ್ ನೌಕರರೊಬ್ಬರು, ಬೆಂಗಳೂರು

ಉತ್ತರ: ಸರ್, ಮೊದಲು ಆ ರೇಟ್ ವಿಷಯ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕ ಹಾಕುವುದು ಹೀಗೆ: ಒಂದು ಲಕ್ಷ ಜನಕ್ಕೆ ಎಷ್ಟು ಪ್ರಕರಣ ದಾಖಲಾದವು? ದಾಖಲಾದವು ಮಾತ್ರ. ದೂರು ಬರೆಸದೆ ಮನೆಗೆ ಹೋದವರು ಆ ಲೆಕ್ಕದಲ್ಲಿ ಇಲ್ಲ. ಪ್ರಕರಣ ದಾಖಲಾಗುವುದು ಜಾಸ್ತಿಯಾದರೆ ಅಪರಾಧವೇ ಜಾಸ್ತಿಯಾಯಿತು ಎಂದಲ್ಲ, ಎರಡೂ ಬೇರೆ ಬೇರೆ ಅಂತ ಬ್ಯೂರೊ ತಾನೇ ಹೇಳಿಕೊಂಡಿದೆ.

ಒಂದು ಉದಾಹರಣೆ ಕೊಡುತ್ತೇನೆ. 2019ರಲ್ಲಿ ದೇಶದ ಅಪರಾಧ ದರ 385.5 ಇತ್ತು. 2020ರಲ್ಲಿ ಅದು 487.8ಕ್ಕೆ ಏರಿತು. ಆ ವರ್ಷ ಕಳ್ಳರು ಜಾಸ್ತಿಯಾದರಾ? ಇಲ್ಲ. ಲಾಕ್‌ಡೌನ್ ಆದೇಶ ಮೀರಿದ್ದಕ್ಕೆ ಐಪಿಸಿ 188ರ ಅಡಿ ಹಾಕಿದ ಕೇಸುಗಳೇ 6 ಲಕ್ಷ ದಾಟಿದ್ದವು. ಹಿಂದಿನ ವರ್ಷ ಅವು 30 ಸಾವಿರವೂ ಇರಲಿಲ್ಲ. ಕಳ್ಳತನ, ಮನೆಗಳ್ಳತನ ಆ ವರ್ಷ ಕಡಿಮೆಯಾಗಿದ್ದವು. ಎಲ್ಲರೂ ಮನೆಯಲ್ಲೇ ಇದ್ದರಲ್ಲ, ಕಳ್ಳ ಎಲ್ಲಿಗೆ ಹೋಗಬೇಕು?

ಇನ್ನೊಂದು ವಿಷಯ. ಬ್ಯೂರೊ ವಿವರವಾಗಿ ಲೆಕ್ಕ ಕೊಡುವುದು 20 ಲಕ್ಷಕ್ಕಿಂತ ಹೆಚ್ಚು ಜನರಿರುವ 19 ನಗರಗಳದ್ದು. ನಮ್ಮ ರಾಜ್ಯದಿಂದ ಅದರಲ್ಲಿರುವುದು ಬೆಂಗಳೂರು ಒಂದೇ. ದಾವಣಗೆರೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 4.35 ಲಕ್ಷ. ಹಾಗಾಗಿ ನಮ್ಮೂರಿನ ಲೆಕ್ಕ ಜಗಳೂರು, ಚನ್ನಗಿರಿ, ಹೊನ್ನಾಳಿ ಎಲ್ಲ ಸೇರಿದ ಜಿಲ್ಲೆಯ ಲೆಕ್ಕದೊಳಗೆ ಹೋಗಿಬಿಡುತ್ತದೆ. ಇನ್ನು ಭಾಗಿಸುವ ಜನಸಂಖ್ಯೆಯೂ ಅಂದಾಜಿನದ್ದು. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಎಣಿಸುವುದು ಅತಿ ದೊಡ್ಡದನ್ನು ಮಾತ್ರ. ಕಳ್ಳತನಕ್ಕೆ ಬಂದವರು ಕೊಲೆ ಮಾಡಿ ಹೋದರೆ ಅದು ಕೊಲೆಯ ಪಟ್ಟಿಗೆ ಸೇರುತ್ತದೆ, ಕಳ್ಳತನದ ಪಟ್ಟಿಗಲ್ಲ. ಇಂಥ ಸಂಖ್ಯೆ ಇಟ್ಟುಕೊಂಡು ಒಂದು ಬಡಾವಣೆಯ ಮನೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಬರುವುದಿಲ್ಲ.

ನಿಮಗೆ ಬೇಕಾಗಿರುವುದು ಆ ಬಡಾವಣೆ ಸೇರುವ ಠಾಣೆಯ ಲೆಕ್ಕ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು, ಅದನ್ನು ನೆನಪಿಡಿ. ಹಿಂದಿನ 3 ವರ್ಷಗಳಲ್ಲಿ ಈ ಠಾಣೆಯಲ್ಲಿ ದಾಖಲಾದ ಹಗಲು ಕನ್ನಕಳವು ಎಷ್ಟು, ರಾತ್ರಿ ಕನ್ನಕಳವು ಎಷ್ಟು, ಸರಗಳ್ಳತನ ಎಷ್ಟು, ಪತ್ತೆಯಾದವು ಎಷ್ಟು ಅಂತ ಕೇಳಿ. ಹಗಲು, ರಾತ್ರಿ ಬೇರೆ ಬೇರೆ ಯಾಕೆ ಅಂದರೆ, ಹಗಲಿನ ಕಳ್ಳತನ ಜಾಸ್ತಿ ಇರುವ ಕಡೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಬೀದಿ ಖಾಲಿ ಬೀಳುತ್ತದೆ. ನಿಮ್ಮ ಮನೆಯಲ್ಲಿ ಹಗಲು ಒಬ್ಬರಾದರೂ ಇರುತ್ತೀರಿ. ಆ ಒಂದು ವಿಷಯಕ್ಕೆ ನೀವು ಬಹಳ ಜನರಿಗಿಂತ ಮುಂದಿದ್ದೀರಿ.

ಆಮೇಲೆ ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋಗಬೇಡಿ. ರಾತ್ರಿ 8 ಗಂಟೆಗೆ ಹೋಗಿ. ಬೀದಿದೀಪ ಉರಿಯುತ್ತಿದೆಯಾ ನೋಡಿ. ಉರಿಯದಿದ್ದರೆ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ ಅಂತ ವಿಚಾರಿಸಿ. ಆಗದಿದ್ದರೆ ಸುಟ್ಟ ಬಲ್ಬ್ ಬದಲಿಸುವವರು ಯಾರು ಅನ್ನುವ ಜಗಳ ತಿಂಗಳುಗಟ್ಟಲೆ ನಡೆಯುತ್ತದೆ. ಪಕ್ಕದ ಸೈಟು ಖಾಲಿ ಇದ್ದು ಜಾಲಿ ಬೆಳೆದಿದ್ದರೆ ಅದು ನಿಮ್ಮ ಹಿಂಬಾಗಿಲಿಗೆ ಬರುವ ದಾರಿ. ಎದುರು ಮನೆಯವರ ಕಿಟಕಿಯಿಂದ ನಿಮ್ಮ ಗೇಟು ಕಾಣಬೇಕು. ಆಳೆತ್ತರದ ಗೋಡೆ ಕಟ್ಟಿ ಮನೆ ಮುಚ್ಚಿಕೊಂಡವರ ಹತ್ತಿರ ನಾನು ಬಹಳ ಸಲ ದೂರು ಬರೆಸಿಕೊಂಡಿದ್ದೇನೆ. ಗೋಡೆ ದಾಟಿದ ಮೇಲೆ ಕಳ್ಳನಿಗೆ ಅದೇ ಮರೆ. ನಾಲ್ಕು ಅಡಿ ಕಾಂಪೌಂಡು, ಅದರ ಮೇಲೆ ಗ್ರಿಲ್ ಸಾಕು.

ನಿಮ್ಮ ಮನೆಯವರಿಗೆ ಎರಡು ಮಾತು ಹೇಳಬೇಕು. ಚಿನ್ನ ಪಾಲಿಶ್ ಮಾಡಿಕೊಡುತ್ತೇವೆ ಅಂತ ಬಂದವರಿಗೆ ಗ್ರಿಲ್ ಬಾಗಿಲು ತೆಗೆಯಬಾರದು. ಮತ್ತೆ ರಸ್ತೆಯಲ್ಲಿ ಬೈಕ್ ನಿಲ್ಲಿಸಿ, "ಅಮ್ಮಾ, ನಾವು ಪೊಲೀಸರು, ಮುಂದೆ ಗಲಾಟೆ ಆಗಿದೆ, ಸರ ಬಿಚ್ಚಿ ಪೇಪರ್‌ನಲ್ಲಿ ಕಟ್ಟಿಕೊಳ್ಳಿ" ಅನ್ನುವವರು ಸಿಗುತ್ತಾರೆ. ತಾವೇ ನೀಟಾಗಿ ಕಟ್ಟಿಯೂ ಕೊಡುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಜಲ್ಲಿಕಲ್ಲು ಇರುತ್ತದೆ. ಒಡವೆ ಬಿಚ್ಚಿ ಅಂತ ಯಾವ ಪೊಲೀಸರೂ ಹೇಳುವುದಿಲ್ಲ. ಇದಕ್ಕೆ ಮೋಸ ಹೋದವರು ಹೆಚ್ಚಾಗಿ ವಯಸ್ಸಾದ ಹೆಣ್ಣುಮಕ್ಕಳು. ಒಡವೆ ಹೋದ ದುಃಖಕ್ಕಿಂತ "ನನಗೆ ಬುದ್ಧಿ ಇಲ್ಲವಾ" ಅಂತ ಅವರು ಅಳುವುದನ್ನು ನೋಡಲು ಆಗುತ್ತಿರಲಿಲ್ಲ.

ಬೀದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಜನ ವಾಸ ಇದ್ದರೆ, ದೀಪ ಇದ್ದರೆ, ಧೈರ್ಯವಾಗಿ ತಗೊಳ್ಳಿ ಸರ್.

ಪ್ರಶ್ನೆ: ಮಗಳ ಬಾಣಂತನಕ್ಕೆ ಒಂದು ತಿಂಗಳು ಹುಬ್ಬಳ್ಳಿಗೆ ಹೋಗಬೇಕು. ಮನೆಗೆ ಬೀಗ. ಸಿಸಿಟಿವಿ ಹಾಕಿಸಿದ್ದೇವೆ. ಅಷ್ಟು ಸಾಲದಾ?
– ಗೃಹಿಣಿ, ಹರಿಹರ

ಉತ್ತರ: ಸಾಲದು ಅಕ್ಕಾ. 2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕ್ ದರೋಡೆ ಆಯಿತಲ್ಲ, 17 ಕೆಜಿಗೂ ಹೆಚ್ಚು ಚಿನ್ನ ಹೋಗಿತ್ತು. ಕಳ್ಳರು ಬಾಗಿಲ ಬೀಗ ಮುಟ್ಟಲಿಲ್ಲ. ಕಿಟಕಿಯ ಕಬ್ಬಿಣದ ಸರಳು ತೆಗೆದು ಒಳಗೆ ಹೋದರು. ಹೋಗುವಾಗ ಸಿಸಿಟಿವಿಯ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೋದರು. ದಾವಣಗೆರೆ ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ, 2025ರ ಮಾರ್ಚ್‌ನಲ್ಲಿ ತಮಿಳುನಾಡಿನ ಮದುರೆ ಕಡೆಯ ಒಂದು ಬಾವಿಯಿಂದ ಚಿನ್ನ ಹೊರಗೆ ತೆಗೆದರು. ನಮ್ಮ ಹುಡುಗರ ಆ ಕೆಲಸದ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ. ಆದರೆ ನಿಮ್ಮ ವಿಷಯಕ್ಕೆ ಬಂದರೆ, ಡಿವಿಆರ್ ಅನ್ನು ಟಿವಿ ಕೆಳಗೆ ಇಡಬೇಡಿ. ಅಟ್ಟದ ಮೇಲೋ ಬೇರೆ ಬೀಗದ ಕಪಾಟಿನಲ್ಲೋ ಇಡಿ. ಮೊಬೈಲ್‌ನಲ್ಲಿ ನೋಡುವ ಹಾಗೆ ಮಾಡಿಸಿ.

ಕಳ್ಳನ ಕಣ್ಣಿಗೆ ಮನೆ ಹೇಗೆ ಕಾಣುತ್ತದೆ ಗೊತ್ತಾ? ಸಿಕ್ಕಿಬಿದ್ದವರು ವಿಚಾರಣೆಯಲ್ಲಿ ಹೇಳುತ್ತಿದ್ದದ್ದು ಬಹುತೇಕ ಒಂದೇ. ಬೆಳಿಗ್ಗೆ ಬೀದಿಯಲ್ಲಿ ಒಂದು ಸುತ್ತು ಹಾಕುತ್ತಾರೆ. ಎಲ್ಲ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತದೆ, ಒಂದು ಮನೆ ಮುಂದೆ ಇಲ್ಲ. ಮಾರನೇ ದಿನವೂ ಇಲ್ಲ. ಗೇಟಿನೊಳಗೆ ಎರಡು ಪೇಪರ್ ಬಿದ್ದಿವೆ. ತುಳಸಿ ಒಣಗಿದೆ. ಮುಂದಿನ ಗ್ರಿಲ್‌ಗೆ ಹೊರಗಿನಿಂದ ದೊಡ್ಡ ಬೀಗ ನೇತಾಡುತ್ತಿದೆ. ಹಗಲಲ್ಲೂ ವರಾಂಡದ ಲೈಟ್ ಉರಿಯುತ್ತಿದೆ. ಅಷ್ಟು ಸಾಕು ಅವರಿಗೆ.

ಹಾಗಾಗಿ ಪೇಪರ್, ಹಾಲು ನಿಲ್ಲಿಸಿ. ಪಕ್ಕದ ಮನೆಯವರಿಗೋ ಕೆಲಸದವರಿಗೋ ಹೇಳಿ ದಿನಾ ಕಸ ಗುಡಿಸಿ ರಂಗೋಲಿ ಹಾಕಿಸಿ. ಬಾಗಿಲಿಗೆ ಒಳಗೇ ಕೂರುವ ಇಂಟರ್‌ಲಾಕ್ ಹಾಕಿಸಿ. ಅದಕ್ಕಿಂತ ಮುಖ್ಯ, ಹಿಂಬಾಗಿಲು ಮತ್ತೆ ಮಾಳಿಗೆ ಬಾಗಿಲು. ಮುಂಬಾಗಿಲಿಗೆ ತೇಗ, ಹಿತ್ತಲಿಗೆ ತೆಳು ಪ್ಲೈವುಡ್ ಮತ್ತು ಒಂದು ಚಿಲಕ. ಬಹಳ ಮನೆಗಳಲ್ಲಿ ಇದೇ ಕಥೆ. ಹಾರೆಯಿಂದ ಒಂದು ಸಲ ಮೀಟಿದರೆ ಚಿಲಕದ ಹತ್ತಿರ ಚೌಕಟ್ಟು ಬೆರಳಗಲ ಸೀಳಿ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಹಿತ್ತಲ ಬಾಗಿಲಿಗೆ ಮೇಲೆ, ಕೆಳಗೆ ಎರಡು ಕಡೆ ಉದ್ದ ಚಿಲಕ ಹಾಕಿಸಿ, ಅಡ್ಡಪಟ್ಟಿ ಕೊಡಿಸಿ. ದೊಡ್ಡ ಖರ್ಚೇನಲ್ಲ.

ಚಿನ್ನ ಬ್ಯಾಂಕ್ ಲಾಕರ್‌ಗೆ ಹೋಗಲಿ. ಬೀರುವಿನ ಕೀ ಬೀರುವಿನ ಮೇಲೇ, ಮನೆ ಕೀ ಚಪ್ಪಲಿ ಸ್ಟ್ಯಾಂಡಿನಲ್ಲೋ ಮೀಟರ್ ಬಾಕ್ಸಿನಲ್ಲೋ ಇಡಬೇಡಿ. ಎಲ್ಲರೂ ಇಡುವ ಜಾಗ ಅದೇ. ಮೊಮ್ಮಗುವಿನ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದನ್ನು ಊರಿಗೆ ವಾಪಸ್ ಬರುವವರೆಗೆ ತಡೆದುಕೊಳ್ಳಿ. ಹೊರಡುವ ಮುಂಚೆ ಠಾಣೆಗೆ ಹೋಗಿ ನಿಮ್ಮ ಬೀಟ್ ಪೊಲೀಸರ ನಂಬರ್ ತಗೊಂಡು, ಯಾವತ್ತಿನಿಂದ ಯಾವತ್ತಿನವರೆಗೆ ಇರುವುದಿಲ್ಲ ಅಂತ ಬರೆದು ಕೊಡಿ. ರಾತ್ರಿ ಗಸ್ತಿನವರು ಒಂದು ಸಲ ಟಾರ್ಚ್ ಬಿಟ್ಟು ನೋಡಿ ಹೋಗುತ್ತಾರೆ. 2025ರ ಜುಲೈನಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮದಲ್ಲಿ ಬೀಟಿನವರೇ ಮನೆ ಬಾಗಿಲಿಗೆ ಬರಬೇಕು. ಬಂದಾಗ ಗೇಟಿನಲ್ಲೇ ಮಾತಾಡಿ ಕಳಿಸಬೇಡಿ, ಕೂರಿಸಿ ಮಾತಾಡಿಸಿ.

ಇಷ್ಟೆಲ್ಲ ಮಾಡಿಯೂ ಕಳ್ಳತನ ಆಗಿದ್ದರೆ, ಮನೆ ಗುಡಿಸಬೇಡಿ. ನಮ್ಮ ಹೆಣ್ಣುಮಕ್ಕಳು ಮಾಡುವ ಮೊದಲ ಕೆಲಸ ಅದೇ. ಸೀರೆಗಳೆಲ್ಲ ನೆಲದ ಮೇಲೆ, ಕುಂಕುಮದ ಭರಣಿ ಉರುಳಿ ಬಿದ್ದಿದೆ, ಅದನ್ನು ನೋಡಲಾಗದೆ ಎತ್ತಿಡುತ್ತಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಬೆರಳಚ್ಚಿನವರಿಗೆ ಬೇಕಾದದ್ದು ಬೀರುವಿನ ಹಿಡಿಯ ಮೇಲೆ, ಡಬ್ಬಿಯ ಮುಚ್ಚಳದ ಮೇಲೆ ಇರುತ್ತದೆ. ಹೊರಗೆ ಬಂದು 112ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಪಕ್ಕದ ಮನೆಯಲ್ಲಿ ಕೂತಿರಿ.

ಪ್ರಶ್ನೆ: ನನ್ನ ಸೈಕಲ್ ಕಳುವಾಯಿತು. ಠಾಣೆಗೆ ಹೋದರೆ "ಹುಡುಕ್ತೀವಿ ಹೋಗಪ್ಪಾ" ಅಂದರು. ಏನೂ ಬರೆದುಕೊಳ್ಳಲಿಲ್ಲ. ಸಣ್ಣ ವಿಷಯ ಅಂತ ಬಿಟ್ಟುಬಿಡಲಾ?
– ಡಿಪ್ಲೊಮಾ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬಿಡಬೇಡಪ್ಪಾ. ನಿನ್ನ ಸೈಕಲ್ ಲೆಕ್ಕಕ್ಕೆ ಬರದಿದ್ದರೆ ಆ ಬೀದಿಯಲ್ಲಿ ಕಳ್ಳತನವೇ ಇಲ್ಲ ಅಂತ ಆಗುತ್ತದೆ, ಗಸ್ತು ಬೇರೆ ಕಡೆ ಹೋಗುತ್ತದೆ.

ಮೊದಲು ಸೈಕಲ್ ಬಿಲ್ ಹುಡುಕು. 2024ರ ಜುಲೈ 1ರಿಂದ ಹೊಸ ಕಾನೂನು ಇದೆ. ಅದರ ಪ್ರಕಾರ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲಿನ ಸಾಮಾನ್ಯ ಕಳ್ಳತನವನ್ನು ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆಗಲೂ ಅವರು ಪುಸ್ತಕದಲ್ಲಿ ಬರೆದುಕೊಂಡು ನಿನ್ನನ್ನು ಮ್ಯಾಜಿಸ್ಟ್ರೇಟರ ಹತ್ತಿರ ಕಳಿಸಬೇಕು, ಬರಿಗೈಲಿ ವಾಪಸ್ ಕಳಿಸುವ ಹಾಗಿಲ್ಲ. ಬೆಲೆ 5,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಮನೆಯೊಳಗಿನಿಂದಲೇ ಕದ್ದಿದ್ದರೆ, ಪೊಲೀಸರೇ ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧ ಅದು. ಅಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ದೂರನ್ನು ಬರವಣಿಗೆಯಲ್ಲಿ ಕೊಡು. ಚಾಸಿ ಮೇಲಿನ ನಂಬರ್, ಬಣ್ಣ, ಎಲ್ಲಿ, ಎಷ್ಟು ಹೊತ್ತಿಗೆ ಎಲ್ಲ ಇರಲಿ. ಯಾವ ಠಾಣೆಗೆ ಕೊಟ್ಟರೂ ನಡೆಯುತ್ತದೆ, ಅವರು ಸರಿಯಾದ ಠಾಣೆಗೆ ಕಳಿಸುತ್ತಾರೆ. ಆನ್‌ಲೈನಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಗೋ. ತಗೊಳ್ಳಲಿಲ್ಲ ಅಂದರೆ ಅದೇ ದೂರನ್ನು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ದಾಖಲಾದ ಮೇಲೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಅವರೇ ನಿನಗೆ ತಿಳಿಸಬೇಕು.

ಠಾಣೆಗೆ ಹೋಗುವಾಗ ಒಬ್ಬ ದೊಡ್ಡವರನ್ನು ಜೊತೆಗೆ ಕರ್ಕೊಂಡು ಹೋಗು. ಹೀಗೆ ಹೇಳಬೇಕಾಗಿ ಬಂದದ್ದಕ್ಕೆ ಇಲಾಖೆಯವಳಾಗಿ ನನಗೆ ಬೇಸರವಿದೆ.

ಪ್ರಶ್ನೆ: ಬೆಡ್‌ಶೀಟ್ ಮಾರುವವರ ವೇಷದಲ್ಲಿ ಕಳ್ಳರು, ಮಕ್ಕಳ ಕಳ್ಳರು ಬರುತ್ತಿದ್ದಾರೆ ಅಂತ ನಮ್ಮ ಬಡಾವಣೆ ಗ್ರೂಪ್‌ನಲ್ಲಿ ಫೋಟೊ ಓಡಾಡುತ್ತಿದೆ. ಹೊರಗಿನವರನ್ನು ಒಳಗೇ ಬಿಡಬಾರದು, ಸಿಕ್ಕರೆ ಕಟ್ಟಿಹಾಕಬೇಕು ಅಂತ ಸಭೆಯಲ್ಲಿ ತೀರ್ಮಾನ ಆಗಿದೆ. ಸರಿನಾ?
– ಬಡಾವಣೆ ನಿವಾಸಿಗಳ ಸಂಘದ ಸದಸ್ಯರು, ಶಿವಮೊಗ್ಗ

ಉತ್ತರ: ಖಂಡಿತ ಸರಿಯಲ್ಲ. ದಯವಿಟ್ಟು ಆ ತೀರ್ಮಾನ ವಾಪಸ್ ತಗೊಳ್ಳಿ.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಹುಡುಗನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಕೊಂದರು. ಅವರ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಯಿತು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಅವರ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತ್ತು. ಹೊಡೆದವರೂ ನಿಮ್ಮ ಹಾಗೆ ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತಲೇ ನಂಬಿದ್ದರು. ಅವರಲ್ಲಿ ಅನೇಕರು ಜೈಲಿಗೆ ಹೋದರು.

ಬೆಡ್‌ಶೀಟ್ ಮಾರುವವರು ಬಿಸಿಲಲ್ಲಿ ಗಂಟು ಹೊತ್ತು ಹೊಟ್ಟೆಪಾಡಿಗೆ ಬರುವ ಜನ. ಬೇಡ ಅಂದರೆ ಬೇಡ ಅನ್ನಿ, ಗೇಟು ತೆಗೆಯಬೇಡಿ. ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಗ್ರೂಪ್‌ನಲ್ಲಿ ಓಡಾಡುತ್ತಿರುವ ಆ ಫೋಟೊ ಇವತ್ತೇ ಅಳಿಸಿ, ಅಳಿಸಲು ಬೇರೆಯವರಿಗೂ ಹೇಳಿ. ಆ ಮುಖದವರು ಯಾರೋ, ಯಾವ ಊರಿನವರೋ ಯಾರಿಗೂ ಗೊತ್ತಿಲ್ಲ.

ನಿಜವಾಗಿ ಅನುಮಾನ ಬಂದರೆ ಹೀಗೆ ಮಾಡಿ. ಹತ್ತಿರ ಹೋಗಬೇಡಿ, ಸುತ್ತುಗಟ್ಟಬೇಡಿ. ಗಾಡಿ ನಂಬರ್ ಬರೆದುಕೊಳ್ಳಿ. ಎಷ್ಟು ಜನ, ಹಾಕಿದ ಬಟ್ಟೆ ಯಾವ ಬಣ್ಣ, ಯಾವ ಕ್ರಾಸಿನಿಂದ ಯಾವ ಕಡೆ ಹೋದರು, ಅಷ್ಟನ್ನು 112ಕ್ಕೆ ಹೇಳಿ. "ನಮ್ಮ ಏರಿಯಾದಲ್ಲಿ ಯಾರೋ ಬಂದಿದ್ದಾರೆ" ಅಂದರೆ ಪೊಲೀಸ್ ಗಾಡಿಯವರಿಗೆ ಏನೂ ಗೊತ್ತಾಗುವುದಿಲ್ಲ. ಹತ್ತಿರದ ದೇವಸ್ಥಾನವೋ, ನೀರಿನ ಟ್ಯಾಂಕೋ, ಒಂದು ಗುರುತು ಹೇಳಿ. ಆಮೇಲೆ ಫೋನ್ ಎಂಗೇಜ್ ಮಾಡಿಕೊಳ್ಳಬೇಡಿ, ದಾರಿ ಕೇಳಲು ಅವರು ನಿಮಗೇ ವಾಪಸ್ ಫೋನ್ ಮಾಡುತ್ತಾರೆ.