ಮೀನ್ ಎಲ್ಲಿ ಹೋಯ್ತು ಸರ್?

ಪ್ರಶ್ನೆ: ಸಾಗರದಲ್ಲಿ ಬಿಸಿಎ ಓದ್ತಿದೀನಿ ಸರ್. ಶಿವಮೊಗ್ಗ ಅಡಿಕೆ ಮಂಡಿಯ ರಾಶಿ, ಬೆಟ್ಟೆ, ಸರಕು, ಗೊರಬಲು ರೇಟಿನ ಸರಾಸರಿ ತೆಗಿಯೋಕೆ ಪೈಥಾನಲ್ಲಿ ಪ್ರೋಗ್ರಾಂ ಬರ್ದು ಸ್ಟ್ಯಾಟಿಸ್ಟಿಕ್ಸ್ ಡಾಟ್ ಪೈ ಅಂತ ಸೇವ್ ಮಾಡಿದೆ. ಇಂಪೋರ್ಟ್ ಸ್ಟ್ಯಾಟಿಸ್ಟಿಕ್ಸ್ ಅನ್ನೋ ಸಾಲಿನ ಮೇಲೆ ಒಂದು ಹೆಡ್ಡಿಂಗ್ ಪ್ರಿಂಟ್ ಮಾಡಿದೀನಿ, ಅದು ಎರಡು ಸಲ ಬರುತ್ತೆ, ಆಮೇಲೆ ಮೀನ್ (ಸರಾಸರಿ ತೆಗಿಯೋ ಫಂಕ್ಷನ್) ಅನ್ನೋದೇ ಇಲ್ಲ ಅಂತ ಎರರ್. ಫ್ರೆಂಡ್ ಲ್ಯಾಪ್‌ಟಾಪಲ್ಲಿ ಇದೇ ಕೋಡ್ ಓಡುತ್ತೆ. ಪೈಥಾನ್ ತೆಗ್ದು ಮತ್ತೆ ಹಾಕಿದ್ರೂ ಅಷ್ಟೇ.

ಉತ್ತರ: ಪೈಥಾನಿಂದು ಏನೂ ತಪ್ಪಿಲ್ಲ ಮಾರಾಯ್ರೆ, ಪಾಪ ಅದನ್ನ ಬಿಟ್ಬಿಡಿ. ಎಡವಟ್ಟು ನಿಮ್ಮ ಫೈಲಿನ ಹೆಸರಲ್ಲಿದೆ, ಪೈಥಾನ್ ಜೊತೆ ಬರೋ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನ (ರೆಡಿ ಕೋಡ್ ಇರೋ ಫೈಲಿನ) ಹೆಸರನ್ನೇ ನೀವೂ ಇಟ್ಟಿದೀರಿ, ಫ್ರೆಂಡ್ ಬೇರೆ ಹೆಸರಿಟ್ಟಿರ್ತಾರೆ ನೋಡಿ.

ಇಂಪೋರ್ಟ್ ಅಂದ ತಕ್ಷಣ ಪೈಥಾನ್ ಮೊದ್ಲು ಈಗಾಗ್ಲೇ ಲೋಡ್ ಆಗಿರೋ ಮಾಡ್ಯೂಲುಗಳ ಪಟ್ಟಿ, ಅಂದ್ರೆ ಸಿಸ್ ಡಾಟ್ ಮಾಡ್ಯೂಲ್ಸ್ ನೋಡುತ್ತೆ, ಅಲ್ಲಿ ಸಿಗ್ಲಿಲ್ಲ ಅಂದ್ರೆ ಸಿಸ್ ಡಾಟ್ ಪಾತಲ್ಲಿರೋ ಫೋಲ್ಡರುಗಳನ್ನ ಒಂದೊಂದಾಗಿ ಹುಡುಕುತ್ತೆ, ಆ ಸಾಲಲ್ಲಿ ಮೊದಲನೇದು ನೀವು ಓಡಿಸ್ತಿರೋ ಸ್ಕ್ರಿಪ್ಟ್ ಇರೋ ಫೋಲ್ಡರ್ರೇ, ಪೈಥಾನ್ ಜೊತೆ ಬಂದ ಲೈಬ್ರರಿ ಅದರ ಹಿಂದೆ. ನೀವು ಓಡಿಸಿದ ಫೈಲ್ ಪಟ್ಟಿಯಲ್ಲಿ ಮೇನ್ ಅನ್ನೋ ಹೆಸರಲ್ಲಿ ಕೂತಿರುತ್ತೆ, ಸ್ಟ್ಯಾಟಿಸ್ಟಿಕ್ಸ್ ಅಂತ ಅಲ್ಲ. ಹಾಗಾಗಿ ಪೈಥಾನ್ ಹುಡುಕೋಕೆ ಹೊರಟು ನಿಮ್ಮದೇ ಫೈಲ್ ಹಿಡ್ಕೊಂಡು ಅದನ್ನ ಮೇಲಿಂದ ಮತ್ತೆ ಓಡಿಸುತ್ತೆ, ಎರಡನೇ ಹೆಡ್ಡಿಂಗ್ ಬಂದಿದ್ದು ಇಲ್ಲಿಂದ. ಈ ಸುತ್ತಲ್ಲಿ ಇಂಪೋರ್ಟ್ ಸಾಲಿಗೆ ಬಂದಾಗ ಆ ಹೆಸರು ಅರ್ಧಂಬರ್ಧ ಲೋಡ್ ಆಗಿ ಪಟ್ಟಿಯಲ್ಲಿ ಇದ್ದೇ ಇದೆ, ಅದನ್ನೇ ಎತ್ಕೊಡುತ್ತೆ. ಅದ್ರಲ್ಲಿ ಮೀನ್ ಎಲ್ಲಿಂದ ಬರ್ಬೇಕು?

ಫೈಲಿಗೆ ಅಡಿಕೆ ರೇಟ್ ಅಂತ ಏನಾದ್ರೂ ಹೆಸರು ಹಾಕಿ, ಸಾಕು. ಪೈಥಾನ್ ತಾನೇ ಮಾಡ್ಕೊಳ್ಳೋ ಪೈಕ್ಯಾಶ್ ಫೋಲ್ಡರ್ ಅಳಿಸೋದೆಲ್ಲ ಬೇಡ. ಪೈಥಾನ್ 3.13 ಹಾಕ್ಕೊಂಡ್ರೆ, 2024ರಲ್ಲಿ ಬಂದಿದ್ದು, ಹೆಸರು ಬದಲಾಯಿಸಿ ಅಂತ ಎರರ್ರೇ ಹೇಳುತ್ತೆ.

ಪ್ರಶ್ನೆ: ಫ್ರಂ ಓಎಸ್ ಇಂಪೋರ್ಟ್ ಸ್ಟಾರ್ ಅಂತ ಹಾಕಿದ ಮೇಲೆ ಓಪನ್ ಕೊಟ್ರೆ ಫ್ಲ್ಯಾಗ್ಸ್ ಬೇಕು ಅಂತ ಕೇಳುತ್ತೆ, ಯಾಕೆ? (ಹೊಸನಗರದಿಂದ)

ಉತ್ತರ: ಓಎಸ್ ಅನ್ನೋ ಮಾಡ್ಯೂಲ್ ಒಳಗೂ ಒಂದು ಓಪನ್ ಇದೆ, ಅದರ ರೀತಿಯೇ ಬೇರೆ, ಫೈಲ್ ಹೇಗೆ ತೆರೀಬೇಕು ಅಂತ ಹೇಳೋ ಫ್ಲ್ಯಾಗ್ಸ್ ಅದಕ್ಕೆ ಕೊಡ್ಲೇಬೇಕು. ಸ್ಟಾರ್ ಹಾಕಿದಾಗ ಅಲ್ಲಿನ ಹೆಸರುಗಳು ಗುಂಪಾಗಿ ನಿಮ್ಮ ನೇಮ್‌ಸ್ಪೇಸಿಗೆ, ಅಂದ್ರೆ ಪ್ರೋಗ್ರಾಮಿನ ಹೆಸರುಗಳ ಪಟ್ಟಿಗೆ, ನುಗ್ಗಿ ದಿನಾ ಬಳಸೋ ಓಪನನ್ನ ಮರೆ ಮಾಡ್ತವೆ. ನಮ್ಮೂರ ಕಡೆ ಮೇಲಿನಮನೆ ಮಂಜಣ್ಣ, ಕೆಳಗಿನಮನೆ ಮಂಜಣ್ಣ ಅಂತ ಮನೆ ಸೇರಿಸಿ ಕರೀತೀವಲ್ಲ, ಬರೀ ಇಂಪೋರ್ಟ್ ಓಎಸ್ ಅಂತ ಹಾಕಿದ್ರೆ ಹಾಗೆ: ಓಎಸ್ ಡಾಟ್ ಓಪನ್ ಒಂದು, ಬರೀ ಓಪನ್ ಇನ್ನೊಂದು, ಇಬ್ರೂ ಇರ್ತಾರೆ. ಸ್ಟಾರ್ ಬೇಕೇ ಬೇಕು ಅಂದ್ರೆ ಶೆಲ್ಲಲ್ಲಿ (ಒಂದೊಂದೇ ಸಾಲು ಟೈಪ್ ಮಾಡಿ ಓಡಿಸೋ ಕಡೆ) ಆಟ ಆಡುವಾಗ ಹಾಕ್ಕೊಳ್ಳಿ, ಫೈಲಲ್ಲಂತೂ ನಾನು ಹಾಕಲ್ಲ.