ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಯಿಯರ್‌ಬಿಯೆನ್‌ನಿಂದ ಅಲಾಸ್ಕಾದ ಉಟ್ಕಿಯಾಗ್ವಿಕ್‌ಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು?

ನೇರ ದೂರ ಸುಮಾರು 3,380 ಕಿಲೋಮೀಟರ್. ಜೆಟ್ ವಿಮಾನಕ್ಕೆ ನಾಲ್ಕೂವರೆ ಗಂಟೆಯ ಹಾದಿ. ಆದರೆ ಆ ಹಾದಿಯಲ್ಲಿ ಪ್ರಯಾಣಿಕರನ್ನು ಒಯ್ಯುವ ನಿಯಮಿತ ವಿಮಾನ ಒಂದೂ ಇಲ್ಲ.

ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು 19,000 ಕಿಲೋಮೀಟರ್ ಎಂದು ಲೆಕ್ಕ ಹಾಕಿರುವುದಾಗಿ ಬರೆದಿದ್ದೀರಿ. ತಪ್ಪು ನಿಮ್ಮದಲ್ಲ, ಭೂಪಟದ್ದು. ಎರಡೂ ಊರುಗಳ ನಡುವೆ 172 ಡಿಗ್ರಿ ರೇಖಾಂಶದ ಅಂತರವಿದೆ. ಸಮಭಾಜಕದಲ್ಲಿ ಒಂದು ಡಿಗ್ರಿ ಎಂದರೆ 111 ಕಿಲೋಮೀಟರ್, ಅಲ್ಲಿಗೆ ನಿಮ್ಮ ಲೆಕ್ಕ ಸರಿ. ಧ್ರುವದ ಕಡೆ ಹೋದಂತೆ ಈ ರೇಖೆಗಳು ಒತ್ತೊತ್ತಾಗುತ್ತವೆ. ಚಪ್ಪಟೆ ಭೂಪಟ ಅವನ್ನು ಎಳೆದು ಅಗಲ ಮಾಡಿ ತೋರಿಸುತ್ತದೆ. ನಾನೂ ಮೊದಲು ನಂಬದೆ ಗ್ಲೋಬ್ ಮೇಲೆ ದಾರ ಬಿಗಿಹಿಡಿದು ನೋಡಿದ್ದೆ. ದಾರ ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ, ನೆಟ್ಟಗೆ ಉತ್ತರ ಧ್ರುವದ ಮಗ್ಗುಲಲ್ಲೇ ಹಾದು ಆಚೆ ಬದಿಗೆ ಇಳಿಯಿತು. ಲೆಕ್ಕದ ಪ್ರಕಾರ ಆ ದಾರಿ ಧ್ರುವದಿಂದ ಸುಮಾರು 110 ಕಿಲೋಮೀಟರ್ ದೂರದಲ್ಲಿ ಹಾಯುತ್ತದೆ. ಉತ್ತರಕ್ಕೆ ಹೊರಟ ವಿಮಾನ ಎಲ್ಲೂ ತಿರುವು ತೆಗೆದುಕೊಳ್ಳದೆಯೇ ದಕ್ಷಿಣಕ್ಕೆ ಹಾರುತ್ತಿರುತ್ತದೆ.

ಸಮಯದ ಲೆಕ್ಕ ಸುಲಭ. ಗಂಟೆಗೆ 850 ಕಿಲೋಮೀಟರ್ ವೇಗದಲ್ಲಿ ನಾಲ್ಕು ಗಂಟೆ, ಏರುವುದಕ್ಕೂ ಇಳಿಯುವುದಕ್ಕೂ ಇನ್ನರ್ಧ ಗಂಟೆ. ಗಂಟೆಗೆ 50 ಕಿಲೋಮೀಟರ್ ವೇಗದ ಎದುರುಗಾಳಿ ಸಿಕ್ಕರೆ ಕಾಲು ಗಂಟೆ ಹೆಚ್ಚು. ಗಡಿಯಾರವನ್ನು ಮಾತ್ರ ನಂಬಬೇಡಿ: ಅಲಾಸ್ಕಾ ನಾರ್ವೆಗಿಂತ ಹತ್ತು ಗಂಟೆ ಹಿಂದಿದೆ. ಮಧ್ಯಾಹ್ನ 12ಕ್ಕೆ ಹೊರಟವರು ಅದೇ ದಿನ ಬೆಳಿಗ್ಗೆ ಆರೂವರೆಗೆ ಇಳಿಯುತ್ತಾರೆ!

ಈ ಎರಡು ಕಡೆಗಳ ನಡುವೆ ಯಾರೂ ಹಾರಿಯೇ ಇಲ್ಲ ಎಂದುಕೊಳ್ಳಬೇಡಿ. 1928ರ ಏಪ್ರಿಲ್‌ನಲ್ಲಿ ಧ್ರುವ ಪ್ರದೇಶಗಳ ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಪೈಲಟ್ ಕಾರ್ಲ್ ಬೆನ್ ಐಲ್ಸನ್ ಒಂದೇ ಎಂಜಿನ್ನಿನ, ಮರದ ಮೈಯ ಲಾಕ್‌ಹೀಡ್ ವೇಗಾ ವಿಮಾನದಲ್ಲಿ ಬ್ಯಾರೋದಿಂದ (ಉಟ್ಕಿಯಾಗ್ವಿಕ್‌ನ ಆಗಿನ ಹೆಸರು) ಸ್ವಾಲ್ಬಾರ್ಡ್‌ಗೆ ಹಾರಿದರು. ಇಪ್ಪತ್ತು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯಿತು. ಇಳಿದ ಮೇಲೆ ಬಿರುಗಾಳಿಗೆ ಸಿಕ್ಕಿ ದಿನಗಟ್ಟಲೆ ವಿಮಾನದಲ್ಲೇ ಕೂತಿದ್ದರು ಎನ್ನುವುದು ಬೇರೆ ಮಾತು.

ಈಗ ನೀವು ಟಿಕೆಟ್ ಕೊಂಡು ಹೋಗುವುದಾದರೆ ಮೊದಲು ದಕ್ಷಿಣಕ್ಕೆ ಓಸ್ಲೋ, ಅಲ್ಲಿಂದ ಐಸ್‌ಲ್ಯಾಂಡ್, ಸಿಯಾಟಲ್, ಆಂಕರೇಜ್, ಮತ್ತೆ ಉತ್ತರಕ್ಕೆ ಉಟ್ಕಿಯಾಗ್ವಿಕ್. ಒಟ್ಟು ಸುಮಾರು 13,000 ಕಿಲೋಮೀಟರ್, ನೇರ ದೂರದ ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆ. ಹಾರಾಟದ ಹೊತ್ತೇ ಹತ್ತೊಂಬತ್ತು ಗಂಟೆಯ ಆಸುಪಾಸು. ವಿಮಾನ ಬದಲಿಸಲು ಕಾಯುವುದನ್ನು ಸೇರಿಸಿದರೆ ವಿಲ್ಕಿನ್ಸ್ ಜೋಡಿಯೇ ನಿಮಗಿಂತ ಮೊದಲು ಮುಟ್ಟುತ್ತದೆ. ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಸ್ವಾಲ್ಬಾರ್ಡ್ ಷೆಂಗೆನ್ ವಲಯದ (ಒಳಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಗುಂಪು) ಹೊರಗಿರುವುದರಿಂದ ಓಸ್ಲೋದ ವಿಮಾನಕ್ಕೂ ಪಾಸ್‌ಪೋರ್ಟ್ ತೋರಿಸಬೇಕು, ಅದನ್ನು ದೊಡ್ಡ ಚೀಲದೊಳಗೆ ಹಾಕಿ ಕಳುಹಿಸಿಬಿಡಬೇಡಿ.