‘ರೀಮಿಕ್ಸ್ ಕೆಡಿಸಿತು’ ಅನ್ನುವ ಮೊದಲು ವಾಲ್ಯೂಮ್ ಸರಿ ಮಾಡಿ

ಪ್ರಶ್ನೆ: ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್‌ನ 2009ರ ರೀಮಾಸ್ಟರ್ ನನ್ನ ಬಳಿ ಇದೆ. 2017ರ ರೀಮಿಕ್ಸೂ ಅದೇ ಅಲ್ವಾ?

ಅಲ್ಲ. ರೀಮಾಸ್ಟರ್‌ನಲ್ಲಿ ಹಳೆಯ ಮಿಕ್ಸ್, ಅಂದರೆ ದನಿ-ವಾದ್ಯಗಳನ್ನು ಬೆರೆಸಿದ ಹದ, ಹಾಗೇ ಉಳಿದಿರುತ್ತದೆ; ಸದ್ದನ್ನಷ್ಟೇ ತಿದ್ದುತ್ತಾರೆ. ರೀಮಿಕ್ಸ್‌ನಲ್ಲಿ ಮೂಲ ಟೇಪ್‌ಗಳಿಂದ ಎಲ್ಲವನ್ನೂ ಹೊಸದಾಗಿ ಬೆರೆಸುತ್ತಾರೆ.

ಪ್ರಶ್ನೆ: ಹಳೆಯ ಸ್ಟೀರಿಯೊ ಕೇಳಿ ಬೆಳೆದವನು ನಾನು. ಹೊಸದರಲ್ಲಿ ಡ್ರಮ್ಸ್, ಬಾಸ್ ಎದೆಗೇ ಗುದ್ದುತ್ತವೆ. ಆಲ್ಬಮ್‌ನ ನಿರ್ಮಾಪಕ, ಅಪ್ಪ ಜಾರ್ಜ್ ಮಾರ್ಟಿನ್ ಮಾಡಿದ್ದನ್ನು ರೀಮಿಕ್ಸ್ ಮಾಡಿದ ಮಗ ಜೈಲ್ಸ್ ಕೆಡಿಸಲಿಲ್ಲವೇ?

ಈ ದೂರು ನನಗೆ ಮತ್ತೆ ಮತ್ತೆ ಬರುತ್ತಲೇ ಇದೆ. ನೀವು ‘ಮೂಲ’ ಅಂದುಕೊಂಡಿರುವ ಸ್ಟೀರಿಯೊ 1967ರಲ್ಲಿ ಅವಸರದಲ್ಲಿ ಮುಗಿಸಿದ್ದು. ಬೀಟಲ್ಸ್ ತಾವೇ ಮುಂದೆ ಕೂತು ಮಾಡಿಸಿದ್ದು ಮೋನೊ ಮಿಕ್ಸ್, ಅಂದರೆ ಎಡ-ಬಲ ಎಂದು ಬೇರೆ ಮಾಡದೆ ಎಲ್ಲ ಸದ್ದೂ ಒಂದಾಗಿ ಬರುವಂಥದ್ದು. ಅದೇ ಆಲ್ಬಮ್‌ನ ‘ಶೀ ಈಸ್ ಲೀವಿಂಗ್ ಹೋಮ್’ ಕೇಳಿ ನೋಡಿ. ಮೋನೊದಲ್ಲಿ ಹಾಡಿನ ವೇಗ ಜಾಸ್ತಿ, ಶ್ರುತಿಯೂ ಮೇಲೆ. ಹಳೆಯ ಸ್ಟೀರಿಯೊದಲ್ಲಿ ಅದೇ ಹಾಡು ಕಾಲೆಳೆದುಕೊಂಡು ಹೋಗುತ್ತದೆ. 2017ರಲ್ಲಿ ಜೈಲ್ಸ್ ಮೋನೊದ ವೇಗವನ್ನೇ ಹಿಡಿದರು. ಇದು ಕೆಡಿಸಿದ್ದು ಹೇಗಾಯಿತು?

ಇನ್ನು ಡ್ರಮ್ಸ್ ವಿಷಯ. ಆಗ ಇದ್ದದ್ದು ನಾಲ್ಕೇ ಟ್ರ್ಯಾಕಿನ, ಅಂದರೆ ಬೇರೆ ಬೇರೆಯಾಗಿ ನಾಲ್ಕು ಪಾಲು ಮಾತ್ರ ಧ್ವನಿಮುದ್ರಿಸಬಹುದಾದ, ಟೇಪ್. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಟೇಪಿಗೆ ಇಳಿಸಿ, ಅಲ್ಲಿ ಮತ್ತೆ ಜಾಗ ಮಾಡಿಕೊಳ್ಳುತ್ತಿದ್ದರು. ಇಳಿಸಿದಷ್ಟೂ ಸದ್ದು ಮಂಕು. ಒಮ್ಮೆ ಬೆರೆತ ವಾದ್ಯಗಳನ್ನು ಬೇರೆ ಮಾಡಲೂ ಆಗುತ್ತಿರಲಿಲ್ಲ. 2017ರಲ್ಲಿ ಇಳಿಸುವುದಕ್ಕೆ ಮೊದಲಿನ ಟೇಪ್‌ಗಳನ್ನೇ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದರು. ಡ್ರಮ್ಸ್‌ನ ರಿಂಗೊ ಬಾರಿಸಿದ್ದು ಈಗ ನಿಚ್ಚಳವಾಗಿ ಕೇಳುತ್ತಿದೆ, ಅಷ್ಟೇ.

ಆದರೆ ನನ್ನದೂ ಒಂದು ತಕರಾರಿದೆ. ಹೊಸ ಸ್ಟೀರಿಯೊ ಹಳೆಯದಕ್ಕಿಂತ ಜೋರಾಗಿದೆ. ಜೋರಾದದ್ದು ಕಿವಿಗೆ ಮೊದಲು ‘ಆಹಾ’ ಅನಿಸುತ್ತದೆ, ನಾಲ್ಕು ಹಾಡು ಕಳೆದ ಮೇಲೆ ದಣಿವು ತರುತ್ತದೆ. ಹೊಗಳುವವರೂ ಬೈಯುವವರೂ ಎಡವುವುದು ಇಲ್ಲೇ. ಎರಡನ್ನೂ ಅದೇ ಸ್ಪೀಕರುಗಳಲ್ಲಿ ಹಾಕಿ, ಗಾಯಕ ಜಾನ್ ಲೆನನ್ ದನಿ ಎರಡರಲ್ಲೂ ಸಮ ಕೇಳುವವರೆಗೆ ಹೊಸದರ ವಾಲ್ಯೂಮ್ ಇಳಿಸಿ. ಆಮೇಲೆ ‘ವಿದಿನ್ ಯು ವಿದೌಟ್ ಯು’ ಹಾಕಿ ತಬಲಾ, ಕಮಾನಿನಿಂದ ನುಡಿಸುವ ತಂತಿವಾದ್ಯ ದಿಲ್‌ರುಬಾ ಕಡೆ ಕಿವಿ ಕೊಡಿ. ಹಾಗೆ ಕೇಳಿದ ಮೇಲೂ ಹಳೆಯದೇ ಇಷ್ಟವಾದರೆ ಧಾರಾಳವಾಗಿ ಅದನ್ನೇ ಕೇಳಿ. ಹಳೆಯ ಡಿಸ್ಕ್ ಮಾತ್ರ ಮಾರಬೇಡಿ.

ಪ್ರಶ್ನೆ: ದುಬಾರಿ ಕೇಬಲ್ ಹಾಕಿದರೆ ರೀಮಿಕ್ಸ್‌ನ ಗಡಸು ಹೋಗುತ್ತದೆ ಅಂತ ಅಂಗಡಿಯವರು ಹೇಳಿದರು. ತಗೊಳ್ಳಲೇ?

ಬೇಡ. ಸುಮ್ನೆ ದುಡ್ಡು ಕೀಳುವ ಮಾತು ಅದು. ಅದೇ ಹಣದಲ್ಲಿ ಒಳ್ಳೆಯ ಸ್ಪೀಕರ್ ಕೊಳ್ಳಿ, ಗೋಡೆಯ ಮೂಲೆಗೆ ಒತ್ತದೆ ಸ್ವಲ್ಪ ಮುಂದಿಡಿ.